ಯುರೋಪಿನಲ್ಲಿ ನಾಗರಿಕರ ಬಂದೂಕು ಲೈಸೆನ್ಸ್

ಯುರೋಪಿನಲ್ಲಿ ಬಂದೂಕಿನ ಲೈಸೆನ್ಸ್ ಕೇಳಿ ಹೋದವರಿಗೆ ಸಾಮಾನ್ಯವಾಗಿ ಎದುರಾಗುವ ಪ್ರಶ್ನೆ 'ಯಾತಕ್ಕೆ?' ಎಂಬುದು. ಬೇಟೆಗೆ, ಗುರಿ ಹೊಡೆಯುವ ಕ್ರೀಡೆಗೆ ಎಂದರೆ ಅರ್ಜಿ ಮುಂದೆ ಸರಿಯುತ್ತದೆ. ಆತ್ಮರಕ್ಷಣೆಗೆ ಎಂದರೆ ಮಾತ್ರ ದೇಶದಿಂದ ದೇಶಕ್ಕೆ ಉತ್ತರ ಬದಲಾಗುತ್ತದೆ.

ಗ್ರೇಟ್ ಬ್ರಿಟನ್ ಈ ಕಾರಣವನ್ನು ಒಪ್ಪುವುದಿಲ್ಲ. 1987ರ ಹಂಗರ್‌ಫರ್ಡ್ ಹತ್ಯಾಕಾಂಡದ ನಂತರ ಅಲ್ಲಿ ಅರೆಸ್ವಯಂಚಾಲಿತ ರೈಫಲ್‌ಗಳು ಬಹುಮಟ್ಟಿಗೆ ನಿಷೇಧವಾದವು. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ 16 ಮಕ್ಕಳೂ ಅವರ ಶಿಕ್ಷಕಿಯೂ ಗುಂಡಿಗೆ ಬಲಿಯಾದರು. ಮರುವರ್ಷವೇ ಪಿಸ್ತೂಲುಗಳ ಸರದಿ ಬಂತು. ನಿಷೇಧ ಎಷ್ಟು ಬಿಗಿಯೆಂದರೆ, 2012ರ ಲಂಡನ್ ಒಲಿಂಪಿಕ್ಸ್‌ನ ಪಿಸ್ತೂಲು ಸ್ಪರ್ಧೆಗಳಿಗೂ ಸರ್ಕಾರ ವಿಶೇಷ ಅನುಮತಿ ಕೊಡಬೇಕಾಯಿತು. ಅದೇ ಯುನೈಟೆಡ್ ಕಿಂಗ್‌ಡಮ್‌ಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ ಈ ನಿಷೇಧವಿಲ್ಲ. ಜೀವಬೆದರಿಕೆ ಖಚಿತವಾದವರು ಅಲ್ಲಿ ಪಿಸ್ತೂಲು ಇಟ್ಟುಕೊಳ್ಳಬಹುದು.

ಝೆಕ್ ಗಣರಾಜ್ಯದ್ದು ಪೂರ್ತಿ ಬೇರೆ ದಾರಿ. ಪರೀಕ್ಷೆ ಪಾಸಾಗಿ, ವೈದ್ಯರ ಪ್ರಮಾಣಪತ್ರ ತಂದು, ಅಪರಾಧದ ಹಿನ್ನೆಲೆ ಇಲ್ಲವೆಂದು ತೋರಿಸಿದವರಿಗೆ ಆತ್ಮರಕ್ಷಣೆಗೆಂದೇ ಲೈಸೆನ್ಸ್ ಸಿಗುತ್ತದೆ. ಕೈಬಂದೂಕನ್ನು ಬಟ್ಟೆಯೊಳಗೆ ಮರೆಮಾಡಿಕೊಂಡು ಬೀದಿಯಲ್ಲೂ ಓಡಾಡಬಹುದು.

ಇಷ್ಟು ಭಿನ್ನ ಕಾನೂನುಗಳ ನಡುವೆ ಯುರೋಪಿಯನ್ ಒಕ್ಕೂಟ (ಆಗಿನ್ನೂ ಯುರೋಪಿಯನ್ ಸಮುದಾಯ) 1991ರಲ್ಲೇ ಒಂದು ಸಾಮಾನ್ಯ ನಿರ್ದೇಶನ ಹೊರಡಿಸಿತು. ಅದು ಕನಿಷ್ಠ ಮಟ್ಟವನ್ನಷ್ಟೇ ಗೊತ್ತುಮಾಡುತ್ತದೆ. ಇನ್ನೂ ಬಿಗಿಗೊಳಿಸುವುದು ಆಯಾ ದೇಶಕ್ಕೆ ಬಿಟ್ಟದ್ದು. ಜರ್ಮನಿಯಲ್ಲಿ 25 ತುಂಬದವರು ಮೊದಲ ಬಂದೂಕು ಕೊಳ್ಳುವ ಮುನ್ನ ಸಾಮಾನ್ಯವಾಗಿ ಮನೋವೈದ್ಯಕೀಯ ತಪಾಸಣೆಗೆ ಒಳಗಾಗಬೇಕು. 2015ರ ಪ್ಯಾರಿಸ್ ದಾಳಿಗಳ ಬಳಿಕ, 2017ರಲ್ಲಿ, ಒಕ್ಕೂಟ ಹೆಚ್ಚು ಗುಂಡು ಹಿಡಿಸುವ ಅರೆಸ್ವಯಂಚಾಲಿತ ಬಂದೂಕುಗಳಿಗೆ ಕಡಿವಾಣ ಹಾಕಿತು. ಝೆಕ್ ಸರ್ಕಾರ ಒಕ್ಕೂಟದ ನ್ಯಾಯಾಲಯದ ಮೆಟ್ಟಿಲೇರಿ 2019ರಲ್ಲಿ ಸೋತಿತು.

ಒಕ್ಕೂಟದಲ್ಲಿಲ್ಲದ ಸ್ವಿಟ್ಜರ್ಲೆಂಡಿಗೂ ಬಿಸಿ ತಟ್ಟಿತು. ಕಡ್ಡಾಯ ಸೇನಾಸೇವೆಯ ಆ ದೇಶದಲ್ಲಿ ಯೋಧರು ರೈಫಲನ್ನು ಮನೆಗೇ ಒಯ್ಯುತ್ತಾರೆ. 2007ರಿಂದೀಚೆಗೆ ಮನೆಗೆ ಗುಂಡು ಕೊಡುವುದು ನಿಂತಿದೆ, ಬಂದೂಕು ಮಾತ್ರ ಉಳಿದಿದೆ. ಅದನ್ನು ಶಸ್ತ್ರಾಗಾರದಲ್ಲಿಡಬೇಕೆಂಬ ಪ್ರಸ್ತಾವವನ್ನು 2011ರಲ್ಲಿ ಶೇ. 56ರಷ್ಟು ಮತದಾರರು ತಳ್ಳಿಹಾಕಿದರು. ಒಕ್ಕೂಟದ ಹೊಸ ನಿಯಮ ಬೇಡವೆಂದರೆ ಗಡಿ ತಪಾಸಣೆಯಿಲ್ಲದ ಷೆಂಗೆನ್ ವಲಯದಿಂದಲೇ ಹೊರಬೀಳುವ ಭಯ ಹುಟ್ಟಿದಾಗ ಲೆಕ್ಕಾಚಾರ ಬದಲಾಯಿತು. 2019ರ ಮೇ ತಿಂಗಳಲ್ಲಿ ಸುಮಾರು ಶೇ. 64 ಮಂದಿ ಹೂಂ ಎಂದರು.

ಕಾನೂನಿನ ಬಿಗಿಯನ್ನು ಬಂದೂಕುಗಳ ಸಂಖ್ಯೆಯಿಂದ ಅಳೆಯಹೊರಟರೆ ಲೆಕ್ಕ ತಪ್ಪುತ್ತದೆ. 'ಸ್ಮಾಲ್ ಆರ್ಮ್ಸ್ ಸರ್ವೆ' ಎಂಬ ಸಂಶೋಧನಾ ಸಂಸ್ಥೆಯ 2017ರ ಅಂದಾಜಿನಂತೆ ಉದಾರಿ ಝೆಕ್‌ನಲ್ಲಿ 100 ಜನಕ್ಕೆ 12–13 ಬಂದೂಕುಗಳಿದ್ದರೆ, ಬೇಟೆಯ ನಾಡಾದ ಫಿನ್ಲೆಂಡಿನಲ್ಲಿ 32, ಪೋಲೆಂಡಿನಲ್ಲಿ ಮೂರೂ ಇಲ್ಲ.

ಸೋತ ಝೆಕ್ 2021ರಲ್ಲಿ ಆಯುಧ ಹಿಡಿದು ಪ್ರಾಣ ಕಾಪಾಡಿಕೊಳ್ಳುವ ಹಕ್ಕನ್ನು, ಕಾನೂನಿನ ಷರತ್ತುಗಳೊಂದಿಗೆ, ತನ್ನ ಮೂಲಭೂತ ಹಕ್ಕುಗಳ ಸನ್ನದಿಗೇ ಸೇರಿಸಿತು. 2023ರ ಡಿಸೆಂಬರ್ 21ರಂದು ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ 14 ಮಂದಿಯನ್ನು ಕೊಂದವನ ಬಳಿ ಇದ್ದದ್ದು ಲೈಸೆನ್ಸ್ ಪಡೆದ ಬಂದೂಕುಗಳೇ. ಅನುಮಾನಾಸ್ಪದ ಖರೀದಿಯನ್ನು ವ್ಯಾಪಾರಿಗಳು ಪೊಲೀಸರಿಗೆ ತಿಳಿಸಲೇಬೇಕೆನ್ನುವ ಹೊಸ ಕಾನೂನು 2026ರ ಜನವರಿಯಲ್ಲಿ ಜಾರಿಗೆ ಬಂತು. ಸನ್ನದಿನ ಸಾಲು ಹಾಗೇ ಇದೆ.