ಇಗರ್ಜಿಯ ಸಂಗೀತದಲ್ಲಿ ನಾದವಿಳಂಬ

ಸುವರ್ಣಾವತಿಯ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ಮಾಂಬಳ್ಳಿಯ ಗದ್ದೆಬಯಲಿನ ಆಚೆಯಿಂದ ನೋಡುವವನಿಗೆ ಬಟ್ಟೆಯು ಕಲ್ಲಿಗೆ ಬಡಿದುದು ಮೊದಲು ಕಂಡು, ಅದರ ಸಪ್ಪಳವು ಅನಂತರ ಕೇಳುವುದು. ವಾಯುವಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 345 ಮೀಟರಿನಷ್ಟೇ ಚಲಿಸುವುದರಿಂದ, ಒಂದೊಂದು ಮೀಟರಿಗೂ ಸೆಕೆಂಡಿನ ಸಾವಿರದಲ್ಲಿ ಮೂರು ಪಾಲಿನಷ್ಟು ಕಾಲ ತಗಲುತ್ತದೆ. ಬಯಲಿನಲ್ಲಿ ಕೌತುಕಮಾತ್ರವಾದ ಈ ಅಂತರವು, ಗಾಯಕರೂ ವಾದಕರೂ ಒಂದೇ ಲಯವನ್ನು ಹಿಡಿಯಬೇಕಾದ ಇಗರ್ಜಿಯಲ್ಲಿ ಆರಾಧನೆಗೇ ತೊಡಕಾಗುವುದುಂಟು.

ಪೂರ್ವಿಕರು ಈ ವಿಳಂಬದೊಡನೆ ಹೋರಾಡಲಿಲ್ಲ. ಅದಕ್ಕೆ ಹೊಂದುವ ಸಂಗೀತವನ್ನೇ ಕಟ್ಟಿದರು. ವೆನಿಸಿನ ಸಂತ ಮಾರ್ಕನ ದೇವಾಲಯದಲ್ಲಿ ಜಿಯೊವಾನಿ ಗಾಬ್ರಿಯೇಲಿಯು 16ನೆಯ ಶತಮಾನದ ಕೊನೆಯಲ್ಲಿ ದೂರದೂರ ನಿಂತ ವೃಂದಗಳು ಪರಸ್ಪರ ಉತ್ತರಕೊಡುವಂತೆ ಕೃತಿಗಳನ್ನು ರಚಿಸಿದನು. ಮಾಂಬಳ್ಳಿಯ ಸೀಮೆಯನ್ನೂ ಒಳಗೊಂಡ ಮೈಸೂರು ಧರ್ಮಕ್ಷೇತ್ರದ ಪ್ರಧಾನಾಲಯವಾದ ಸಂತ ಫಿಲೋಮಿನಾ ದೇವಾಲಯಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರವನ್ನಿಟ್ಟಾಗ, ಅಂತಹ ಉನ್ನತ ಗಾಥಿಕ್ ಛಾವಣಿಯ ಕೆಳಗೆ ಮೊಳಗಬೇಕಾಗಿದ್ದುದು ದೀರ್ಘಸ್ವರಗಳ ಲ್ಯಾಟಿನ್ ಗಾನ. ಅದಕ್ಕೆ ಅನುರಣನವು, ಎಂದರೆ ಗೋಡೆ ಛಾವಣಿಗಳಿಗೆ ತಗಲಿ ಮರಳಿ ಮರಳಿ ಬರುವ ನಾದವು, ಭೂಷಣವೇ ಆಗಿದ್ದಿತು.

1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಪರಿಸ್ಥಿತಿಯು ಬದಲಾಯಿತು. ಬಲಿಪೂಜೆಯಲ್ಲಿ ಕನ್ನಡ ಗೀತೆಗಳೂ, ಅವುಗಳೊಡನೆ ತಬಲ, ಢೋಲಕ್, ಹಾರ್ಮೋನಿಯಂಗಳೂ, ಕ್ರಮೇಣ ಕೀಬೋರ್ಡೂ ಮೈಕ್‌ಸೆಟ್ಟೂ ಬಂದುವು. ಒತ್ತಕ್ಷರಗಳ ಸ್ಪಷ್ಟತೆಯನ್ನೂ ತಬಲದ ಕ್ಷಿಪ್ರಗತಿಯನ್ನೂ ಅನುರಣನವು ಮಸುಕುಗೊಳಿಸುತ್ತದೆ. ಇದಕ್ಕಿಂತ ಕಠಿನವಾದುದು ಹಿಂದಿನ ಅಟ್ಟಣಿಗೆಯ ಗಾಯಕರಿಗೂ ಬಲಿಪೀಠದ ಬಳಿಯ ವಾದಕನಿಗೂ ನಡುವಣ ದೂರ. ಅದು 30 ಮೀಟರಾದರೆ, ಒಬ್ಬರ ನಾದವು ಇನ್ನೊಬ್ಬರನ್ನು ಮುಟ್ಟಲು ಸುಮಾರು 87 ಮಿಲಿಸೆಕೆಂಡು ಬೇಕು. ತಾನು ಕೇಳಿದುದಕ್ಕೆ ಹೊಂದಿಕೊಳ್ಳಲು ಪ್ರತಿಯೊಬ್ಬನೂ ಕಾಯುತ್ತ, ಆ ಕಾಯುವಿಕೆಯನ್ನೇ ಮತ್ತೊಬ್ಬನು ಕೇಳಿ ತಾನೂ ನಿಧಾನಿಸುತ್ತ ಹೋಗುವುದರಿಂದ, ಯಾರ ತಪ್ಪೂ ಇಲ್ಲದೆಯೇ ಲಯವು ಚರಣದಿಂದ ಚರಣಕ್ಕೆ ಜಗ್ಗತೊಡಗುತ್ತದೆ. ಗಾಯಕರನ್ನು ಗದರಿಸುವುದರಿಂದ ಇದು ಸರಿಹೋಗದು.

ಅನುರಣನದ ಗಣಿತವನ್ನು ಹಾರ್ವರ್ಡಿನ ವಾಲೇಸ್ ಸೇಬಿನ್ 1895ರಿಂದ ಶೋಧಿಸಿದ್ದನು. ವಿಳಂಬದ ವಿಷಯದಲ್ಲಿ ನಿರ್ಣಾಯಕವಾದುದು ಜರ್ಮನಿಯ ಹೆಲ್ಮುಟ್ ಹಾಸನು 1949ರಲ್ಲಿ ಸಾದರಪಡಿಸಿದ ಪ್ರಬಂಧ. ಒಂದೇ ಧ್ವನಿಯು ಸುಮಾರು 30 ಮಿಲಿಸೆಕೆಂಡಿನೊಳಗೆ ಮರಳಿ ಬಂದರೆ ಕಿವಿಯು ಎರಡನ್ನೂ ಒಂದಾಗಿ ಗ್ರಹಿಸಿ, ಮೊದಲು ಬಂದ ದಿಕ್ಕಿನಿಂದಲೇ ಅದು ಹೊರಟಿತೆಂದು ಭಾವಿಸುವುದೆಂಬುದು ಅವನ ಸಿದ್ಧಾಂತ. ಇದನ್ನು ಆಶ್ರಯಿಸಿ 1950ರ ದಶಕದ ಆದಿಯಲ್ಲಿ ಲಂಡನ್ನಿನ ಸಂತ ಪೌಲರ ಪ್ರಧಾನಾಲಯದಲ್ಲಿ ಕಾಂತೀಯ ಚಕ್ರವೊಂದರ ಮೇಲೆ ಧ್ವನಿಯನ್ನು ಬರೆದು, ಕ್ಷಣಕಾಲ ತಡೆದು, ದೂರದ ಸ್ಪೀಕರುಗಳಿಗೆ ಕಳುಹಿಸಿದರು. 1970ರ ದಶಕದಲ್ಲಿ ಡಿಜಿಟಲ್ ಉಪಕರಣವು ಅದೇ ಕಾರ್ಯವನ್ನು ವಹಿಸಿಕೊಂಡಿತು. ಇಂದು ಅದು ಡಿಜಿಟಲ್ ಮಿಕ್ಸರಿನ ಒಳಗೇ ಅಡಗಿದೆ. ಬಲಿಪೀಠದಿಂದ 20 ಮೀಟರ್ ದೂರದ ಸ್ಪೀಕರನ್ನು 58 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ತಡಮಾಡಿದರೆ, ಹಿಂದಿನ ಪೀಠದವನಿಗೂ ಗಾನವು ಮುಂದಿನಿಂದಲೇ ಬಂದಂತೆ ತೋರುವುದು.

ಯಂತ್ರವು ತಾನೇ ತರುವ ವಿಳಂಬವು ಬೇರೆ. ಒಳ್ಳೆಯ ಮಿಕ್ಸರಿನಲ್ಲಿ ಅದು ಎರಡು ಮೂರು ಮಿಲಿಸೆಕೆಂಡು, ಒಂದು ಮೀಟರ್ ದೂರಕ್ಕೆ ಸಮಾನವಾದುದರಿಂದ ನಗಣ್ಯ. ಬ್ಲೂಟೂತ್ ಸ್ಪೀಕರಿನಲ್ಲಾದರೋ ಅದು ನೂರನ್ನು ಮೀರುವುದು ಸಾಮಾನ್ಯ. ಜೀವಂತ ಗಾಯನಕ್ಕೆ ಅದು ಸರ್ವಥಾ ಸಲ್ಲದು.

ಚಿಕ್ಕ ಊರುಗಳ ಧರ್ಮಸಭೆಗಳು ಕಷ್ಟಾರ್ಜಿತವಾದ ಕಾಣಿಕೆಯ ಹಣವನ್ನು ಹೊಸ ಸ್ಪೀಕರುಗಳಿಗೆ ಸುರಿಯುವ ಮುನ್ನ ಗಾಯಕರನ್ನೂ ತಬಲವನ್ನೂ ಕೀಬೋರ್ಡನ್ನೂ ನಾಲ್ಕೈದು ಮೀಟರಿನೊಳಗೆ ಒಂದೆಡೆ ಕುಳ್ಳಿರಿಸಿ ನೋಡಲಿ. ಸ್ಥಳಾಭಾವದಿಂದ ಅದು ಅಸಾಧ್ಯವಾದಲ್ಲಿ ಪ್ರತಿಯೊಬ್ಬ ವಾದಕನ ಹತ್ತಿರವೂ ಒಂದು ಸಣ್ಣ ಮಾನಿಟರ್ ಸ್ಪೀಕರನ್ನು ತಂತಿಯ ಮೂಲಕವೇ ಜೋಡಿಸಲಿ.