ಗ್ಯಾದರಿಂಗ್ ದಿನ ಯಾವ ಬಟ್ಟೆ?



ಜನವರಿ ತಿಂಗಳ ನಮ್ಮ ಸಭೆಯಲ್ಲಿ ಬಟ್ಟೆಯ ವಿಷಯಕ್ಕೆ ಎಷ್ಟು ಜೋರು ಮಾತಾಯಿತೆಂದು ಬಂದವರಿಗೆ ಗೊತ್ತು. ಬರದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಧರ್ಮಕೇಂದ್ರದ ಹುಡುಗನೊಬ್ಬ (ಹೆಸರು ಹಾಕಬೇಡಿ ಎಂದು ಅವನೇ ಹೇಳಿದ್ದಾನೆ) ಹನ್ನೆರಡನೇ ತರಗತಿ ಮುಗಿಸಿ ಅಗ್ನಿವೀರನಾಗಿ ಸೈನ್ಯ ಸೇರಿದ. ತರಬೇತಿ ಮುಗಿಸಿ ಮೊದಲ ರಜೆಗೆ ಮಿರಜ್‌ಗೆ ಬಂದಾಗ ಅವನು ಓದಿದ ಶಾಲೆಯಲ್ಲಿ ಗ್ಯಾದರಿಂಗ್. ಹಿಂದಿನ ವರ್ಷ ಹನ್ನೆರಡನೇ ತರಗತಿ ಪಾಸಾದವರನ್ನು ಕರೆದು, ನೀಲಿ ಗೌನು, ಚೌಕ ಟೊಪ್ಪಿಗೆ ಹಾಕಿಸಿ ಪ್ರಮಾಣಪತ್ರ ಕೊಡುವ ಪದ್ಧತಿ ಈಗ ಅಲ್ಲಿ ಶುರುವಾಗಿದೆ.

"ಅಣ್ಣಾ, ನಾ ವರ್ದಿ ಹಾಕ್ಕೊಂಡು ಸ್ಟೇಜ್ ಮ್ಯಾಲೆ ಹೋಗಲೇನು? ಅವ್ವ ಊರ ಮಂದಿ ಮುಂದ ನೋಡಬೇಕಂತಾಳ" ಎಂದು ಅವನು ಕೇಳಿದ. ಶಾಲೆಯವರು ಒಪ್ಪಲಿಲ್ಲ. ಎಲ್ಲರಿಗೂ ಒಂದೇ ಗೌನು ಎಂದರು. ಆದರೆ ಅದೇ ಸಂಜೆಯ ಕಾರ್ಯಕ್ರಮ ಪಟ್ಟಿಯಲ್ಲಿ ಮೂರನೇ ತರಗತಿಯ ಮಕ್ಕಳ ದೇಶಭಕ್ತಿ ನೃತ್ಯವಿತ್ತು. ಬಾಡಿಗೆಗೆ ತಂದ ಹಸಿರು ಮಚ್ಚೆಯ ಸೈನಿಕರ ಬಟ್ಟೆ, ಕೈಯಲ್ಲಿ ಪ್ಲಾಸ್ಟಿಕ್ ಬಂದೂಕು. "ಸುಳ್ಳು ಸೈನಿಕರಿಗೆ ಸ್ಟೇಜ್ ಐತಿ, ಖರೇ ಸೈನಿಕಗ ಇಲ್ಲೇನು?" ಎಂದು ನಮ್ಮಲ್ಲೊಬ್ಬ ಕೇಳಿದಾಗ ಯಾರಿಗೂ ಉತ್ತರ ಹೊಳೆಯಲಿಲ್ಲ. ನಾನೂ ಅವನ ಪಕ್ಷವೇ. ಶಾಲೆಗೆ ಪತ್ರ ಬರೆಯುತ್ತೇನೆಂದು ಎಲ್ಲರೆದುರು ಮಾತು ಕೊಟ್ಟೆ. ವಾದಕ್ಕೆ ಆಧಾರ ಬೇಕೆಂದು ಓದಲು ಕುಳಿತೆ. ಪತ್ರ ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂಬುದೇ ಈ ಲೇಖನ.

ಮೊದಲು ಆ ಗೌನು. ಅದು ಶಾಲೆಗೆ ಬಂದಿದ್ದು ನಮ್ಮ ಮನೆಯಿಂದಲೇ, ಅಂದರೆ ಧರ್ಮಸಭೆಯಿಂದಲೇ! ಮಧ್ಯಯುಗದ ಬೊಲೋನ್ಯಾ, ಪ್ಯಾರಿಸ್, ಆಕ್ಸ್‌ಫರ್ಡ್‌ಗಳಲ್ಲಿ ಕಲಿಸುವವರೂ ಕಲಿಯುವವರೂ ಬಹುಪಾಲು ಧರ್ಮಸಭೆಯ ಆಶ್ರಯದಲ್ಲಿದ್ದವರು. ಪಾದ್ರಿಗಳ ಉದ್ದನೆಯ ಮೇಲಂಗಿಯೇ ಅವರ ಉಡುಪು. ಕಲ್ಲಿನ ಕಟ್ಟಡಗಳ ಚಳಿಗೆ ಅದು ಅಗತ್ಯವೂ ಆಗಿತ್ತು. 1222ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಸೇರಿದ ಧರ್ಮಸಭೆಯ ಪರಿಷತ್ತು ಪಾದ್ರಿಗಳು ಮುಂಭಾಗ ಮುಚ್ಚಿದ ಮೇಲಂಗಿ ತೊಡಬೇಕೆಂದು ವಿಧಿಸಿತು. ಅದರ ಮುಖ್ಯಸ್ಥರು ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಸ್ಟೀಫನ್ ಲ್ಯಾಂಗ್ಟನ್. ನಾವು ಬೈಬಲ್ ತೆರೆದು "ಯೊವಾನ್ನ 3" ಎಂದು ಹುಡುಕುತ್ತೇವಲ್ಲ, ಆ ಅಧ್ಯಾಯಗಳ ವಿಂಗಡಣೆ ಮಾಡಿದವರೆಂದು ಹೆಸರಾದವರೂ ಇವರೇ.

ನಮ್ಮ ದೇಶಕ್ಕೆ ಗೌನು ಬಂದಿದ್ದು ಬ್ರಿಟಿಷರ ವಿಶ್ವವಿದ್ಯಾಲಯಗಳ ಜೊತೆ. ಮುಂಬಯಿ, ಕಲ್ಕತ್ತಾ, ಮದ್ರಾಸ್ ವಿಶ್ವವಿದ್ಯಾಲಯಗಳು 1857ರಲ್ಲಿ ಹುಟ್ಟಿದವು. ಮುಂಬಯಿಯಲ್ಲಿ 1862ರಲ್ಲಿ ಬಿ.ಎ. ಪಾಸಾದ ಮೊದಲ ತಂಡದಲ್ಲಿ ಮಹಾದೇವ ಗೋವಿಂದ ರಾನಡೆ ಇದ್ದರು; ಅವರು ಬಾಲ್ಯದಲ್ಲಿ ಓದಿದ್ದು ಪಕ್ಕದ ಕೊಲ್ಹಾಪುರದಲ್ಲಿ. ಸಾಂಗ್ಲಿ-ಮಿರಜ್ ನಡುವಿನ ವಿಲಿಂಗ್ಡನ್ ಕಾಲೇಜು 1919ರದು. ವಿ.ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದ, ರಂ.ಶ್ರೀ. ಮುಗಳಿಯವರು ಕನ್ನಡ ಕಲಿಸಿದ ಕಾಲೇಜು ಅದು. ಅಲ್ಲಿ ಓದಿದವರ ಪದವಿ ಮೊದಲು ಮುಂಬಯಿಯದು, ಆಮೇಲೆ ಪುಣೆಯದು, 1962ರಲ್ಲಿ ಕೊಲ್ಹಾಪುರದಲ್ಲಿ ಶಿವಾಜಿ ವಿಶ್ವವಿದ್ಯಾಲಯ ಬಂದ ಮೇಲೆ ಅಲ್ಲಿನದು.

ಗೌನಿನ ಮೇಲೆ ಸಿಟ್ಟೂ ಇದೆ. 2010ರಲ್ಲಿ ಭೋಪಾಲದ ಘಟಿಕೋತ್ಸವವೊಂದರಲ್ಲಿ ಆಗಿನ ಕೇಂದ್ರ ಸಚಿವ ಜೈರಾಮ್ ರಮೇಶ್ ವೇದಿಕೆಯಲ್ಲೇ ಅದನ್ನು ಕಳಚಿ, ಇದು ವಸಾಹತು ಕಾಲದ ಪಳೆಯುಳಿಕೆ ಎಂದರು. ಮಧ್ಯಯುಗದ ಪಾದ್ರಿ-ಪೋಪರಂತೆ ಯಾಕೆ ಕಾಣಬೇಕು ಎಂದೂ ಕೇಳಿದರು. ಇತಿಹಾಸ ಸರಿಯಾಗಿಯೇ ಇತ್ತು ಅನ್ನಿ. 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೂ ತನ್ನ ವೈದ್ಯಕೀಯ ಸಂಸ್ಥೆಗಳಿಗೆ ಕಪ್ಪು ನಿಲುವಂಗಿ ಬಿಟ್ಟು ಭಾರತೀಯ ಉಡುಪು ಆರಿಸಿಕೊಳ್ಳಿ ಎಂದು ಬರೆಯಿತು. ನನ್ನ ಮಟ್ಟಿಗೆ ಗೌನಿನ ಒಳ್ಳೆಯ ಗುಣ ಒಂದೇ. ಅದರ ಕೆಳಗೆ ಯಾರು ಬಡವ, ಯಾರು ಸಾಹುಕಾರನ ಮಗ ಎಂದು ತಿಳಿಯುವುದಿಲ್ಲ. ಬಿಎಸ್ಸಿ ಪದವಿಯ ದಿನ ನನ್ನ ಗೌನಿನ ಕೆಳಗೆ ತಮ್ಮನ ಪ್ಯಾಂಟ್ ಇತ್ತು.

ಇನ್ನು ಸೈನಿಕರ ಬಟ್ಟೆ. ಅದು ನಮ್ಮ ಕಾಲೇಜುಗಳಿಗೆ ಬಂದಿದ್ದು ಮೊದಲ ಮಹಾಯುದ್ಧದ ಕಾಲದಲ್ಲಿ. ಸೈನ್ಯಕ್ಕೆ ಜನ ಸಾಲದೆ ಬ್ರಿಟಿಷ್ ಸರ್ಕಾರ 1917ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ದಳ ಕಟ್ಟಿತು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಹೃದಯನಾಥ ಕುಂಜ್ರು ಅವರ ಸಮಿತಿ ಹೊಸ ದಳಕ್ಕೆ ಶಿಫಾರಸು ಮಾಡಿತು, 1948ರಲ್ಲಿ ಎನ್‌ಸಿಸಿ ಹುಟ್ಟಿತು. ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ಅದು ಕಾಲೇಜು ಹುಡುಗರಿಗೆ ಕಡ್ಡಾಯವಾಯಿತು. 1968ರಲ್ಲಿ ಮತ್ತೆ ಐಚ್ಛಿಕವಾಯಿತು. ನಿಮ್ಮ ಅಜ್ಜಂದಿರನ್ನು ಕೇಳಿ, ಆ ಖಾಕಿಯ ಕಥೆ ಹೇಳಿಯಾರು. ಇದೇ ಹೊತ್ತಿಗೆ ದೇಶದ ಮೊದಲ ಸೈನಿಕ ಶಾಲೆ 1961ರಲ್ಲಿ ಪಕ್ಕದ ಸಾತಾರಾದಲ್ಲಿ, ವಿಜಯಪುರದ್ದು 1963ರಲ್ಲಿ ಶುರುವಾದವು. ಆದರೆ ಎನ್‌ಸಿಸಿ ಕೆಡೆಟ್ ಸೈನಿಕನಲ್ಲ. ದಳಕ್ಕೆ ಸೇರಿದ ಮಾತ್ರಕ್ಕೆ ಯುದ್ಧಸೇವೆಯ ಹೊಣೆ ಬರುವುದಿಲ್ಲವೆಂದು ಅದರ ಕಾಯ್ದೆಯೇ ಹೇಳುತ್ತದೆ.

ನಮ್ಮ ಹುಡುಗನ ಪ್ರಶ್ನೆ ಅಮೆರಿಕದಲ್ಲಿ ಹಳೆಯದು. ಅಲ್ಲಿ ಹೈಸ್ಕೂಲಿನ ಕೊನೆಯಲ್ಲೇ ಸೈನ್ಯದ ತರಬೇತಿ ಮುಗಿಸಿ ಬರುವ ಹುಡುಗರು ಗೌನಿನ ಬದಲು ಸಮವಸ್ತ್ರದಲ್ಲಿ ವೇದಿಕೆ ಏರಬೇಕೆನ್ನುತ್ತಾರೆ, ಕೆಲವು ಶಾಲೆಗಳು ಬೇಡವೆನ್ನುತ್ತವೆ. ಜಗಳ ಶಾಸನಸಭೆಯವರೆಗೂ ಹೋಗಿದೆ. ಕ್ಯಾಲಿಫೋರ್ನಿಯಾದ ಶಿಕ್ಷಣ ಕಾಯ್ದೆ ಈಗ ವಿದ್ಯಾರ್ಥಿಗೆ ಆ ಹಕ್ಕು ಕೊಟ್ಟಿದೆ. ಆದರೆ ಷರತ್ತು ನೋಡಿ: ಮೂಲ ತರಬೇತಿ ಮುಗಿದಿರಬೇಕು, ಆಗ ಸೈನ್ಯದ ಸೇವೆಯಲ್ಲಿ ಇರಬೇಕು. ಸೇರುತ್ತೇನೆ ಎಂದವನಿಗಿಲ್ಲ. ನಮ್ಮ ಕಾನೂನೂ ಇದೇ ಗೆರೆ ಎಳೆಯುತ್ತದೆ. ಸೈನಿಕನಲ್ಲದವನು ತನ್ನನ್ನು ಸೈನಿಕನೆಂದು ನಂಬಿಸಲು ಆ ಉಡುಪು ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಸೆರೆ, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಾಟಕದ ಮಕ್ಕಳು ಯಾರನ್ನೂ ನಂಬಿಸಲು ಹೊರಟವರಲ್ಲ, ಹೆದರಬೇಡಿ.

ಇಷ್ಟು ಓದುವಾಗ ನನಗೆ ನೆನಪಾಗಿದ್ದು ನರ್ಸಿಂಗ್ ಓದುವ ನಮ್ಮ ಅಕ್ಕಂದಿರು. ಡಾ. ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ಮಿರಜ್ ಎಂದರೆ ದವಾಖಾನೆಗಳ ಊರು. ವಾರ್ಡಿಗೆ ಹೋಗುವ ಮೊದಲು ಅವರು ಬಿಳಿ ಸಮವಸ್ತ್ರದಲ್ಲಿ ದೀಪ ಹಿಡಿದು ಪ್ರತಿಜ್ಞೆ ಮಾಡುತ್ತಾರೆ. ಆ ದೀಪ ಕ್ರಿಮಿಯಾ ಯುದ್ಧದ ಸೈನಿಕ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹಿಡಿದು ಓಡಾಡಿದ ದೀಪದ ನೆನಪು. ಗೌನು ಓದು ಮುಗಿಯಿತೆಂದು ಹೇಳುವ ಬಟ್ಟೆ. ಈ ಬಿಳಿ ಬಟ್ಟೆ ಕೆಲಸ ಶುರುವಾಯಿತೆಂದು ಹೇಳುತ್ತದೆ.

ಸೈನಿಕನಿಗೂ ಅಂಥ ದಿನವಿದೆ, ಕಸಂ ಪರೇಡ್. ನಮಗೆ ಹತ್ತಿರದ ದೊಡ್ಡ ತರಬೇತಿ ಕೇಂದ್ರವೆಂದರೆ ಬೆಳಗಾವಿಯ ಮರಾಠಾ ಲಘು ಪದಾತಿದಳದ್ದು, 1922ರಿಂದ ಅಲ್ಲಿದೆ. ಪರೇಡ್ ದಿನ ಹುಡುಗರು ರಾಷ್ಟ್ರಧ್ವಜದ ಮುಂದೆ, ತಮ್ಮ ತಮ್ಮ ಧರ್ಮಗ್ರಂಥ ಸಾಕ್ಷಿಯಾಗಿ ಪ್ರಮಾಣ ಮಾಡುತ್ತಾರೆ. ನಮ್ಮ ಹುಡುಗ ಬೇರೆ ಕೇಂದ್ರದವನು. ಅಂದು ಬೈಬಲ್ ಮೇಲೆ ಕೈಯಿಟ್ಟಾಗ ಬೆರಳು ನಡುಗಿದವಂತೆ. ಅವನ ಅವ್ವ ಎರಡು ರಾತ್ರಿ ರೈಲಿನಲ್ಲಿ ಕುಳಿತು ಹೋಗಿ ನೋಡಿ ಬಂದರು. ಅಪ್ಪ ಇಲ್ಲ. ತಂದೆ-ತಾಯಿಗೆ ಕೊಡುವ ಗೌರವ ಪದಕವನ್ನು ಅವರೊಬ್ಬರೇ ತೆಗೆದುಕೊಂಡರು.

ಅಂದರೆ ಅವನ ನಿಜವಾದ ಪದವಿ ಸಮಾರಂಭ ಅಲ್ಲಿ ಆಗಲೇ ಮುಗಿದಿತ್ತು, ಸಮವಸ್ತ್ರದಲ್ಲೇ. ಇಲ್ಲಿ ಶಾಲೆ ಕೊಡುತ್ತಿದ್ದುದು ಹನ್ನೆರಡನೇ ತರಗತಿಯ ಗೌರವ. ಅದನ್ನು ಜೊತೆಗೆ ಓದಿದ ಉಳಿದವರಂತೆಯೇ ತೆಗೆದುಕೊಳ್ಳುವುದು ಸರಿ ಎಂದು ಈಗ ನನಗೆ ಅನಿಸುತ್ತದೆ. ನೀವು ಒಪ್ಪದಿರಬಹುದು, ಸಭೆಯಲ್ಲಿ ಅರ್ಧ ಮಂದಿ ಇನ್ನೂ ಒಪ್ಪಿಲ್ಲ. ಆದರೆ ಪ್ಲಾಸ್ಟಿಕ್ ಬಂದೂಕಿನ ನೃತ್ಯದ ಬಗ್ಗೆ ನನ್ನ ಸಿಟ್ಟು ಇಳಿದಿಲ್ಲ. ಕಸಂ ತಿಂದವನ ಬಟ್ಟೆಗೆ ಇಷ್ಟು ಲೆಕ್ಕಾಚಾರ ಮಾಡುವ ನಾವು ಅದನ್ನೇ ಐದು ನಿಮಿಷದ ಹಾಡಿಗೆ ಬಾಡಿಗೆಗೆ ತರುತ್ತೇವೆ. ಈ ಸಲದ ನಮ್ಮ ಧರ್ಮಕೇಂದ್ರದ ಕಾರ್ಯಕ್ರಮಕ್ಕೂ ಅದೇ ಅಂಗಡಿಯಿಂದ ತಂದಿದ್ದೆವು, ತಂದವನು ನಾನೇ.

ಕೊನೆಗೆ ಅವನೇ ತನ್ನ ಉಸ್ತಾದರಿಗೆ ಫೋನ್ ಮಾಡಿ ಕೇಳಿದ. "ರಜೆಯಲ್ಲಿದ್ದೀಯ, ಸಿವಿಲ್ ಡ್ರೆಸ್‌ನಲ್ಲಿ ಹೋಗು" ಎಂದರಂತೆ. ಹೋದ. ನೀಲಿ ಗೌನು ಮೊಣಕಾಲಿಗಷ್ಟೇ ಬರುತ್ತಿತ್ತು. ಅವನ ಅವ್ವ ಮೊದಲ ಸಾಲಿನಲ್ಲಿ ಕುಳಿತಿದ್ದರು, ಪದಕ ಸೆರಗಿನ ಮೇಲೆ. ಪ್ರಮಾಣಪತ್ರ ಹಿಡಿದು ಇಳಿಯುವಾಗ ಪರದೆಯ ಬದಿಯಲ್ಲಿ ನೃತ್ಯಕ್ಕೆ ಕಾಯುತ್ತಿದ್ದ ಮಕ್ಕಳಲ್ಲೊಬ್ಬ, ಇವನ್ಯಾರೆಂದು ಯಾರೋ ಹೇಳಿದ್ದಿರಬೇಕು, ಬಂದೂಕು ಕಂಕುಳಲ್ಲಿ ಸಿಕ್ಕಿಸಿಕೊಂಡು ಸಲ್ಯೂಟ್ ಹೊಡೆದ. ಚೌಕ ಟೊಪ್ಪಿಗೆಯಲ್ಲಿ ತಿರುಗಿ ಸಲ್ಯೂಟ್ ಹೊಡೆಯಬಹುದೋ ಬಾರದೋ ತಿಳಿಯದೆ ನಮ್ಮ ಹುಡುಗ ಅಲ್ಲೇ ಮೆಟ್ಟಿಲ ಮೇಲೆ ಸಾವಧಾನದಲ್ಲಿ ನಿಂತುಬಿಟ್ಟ.