ಪ್ರಸಾರ ಮಾನಕಗಳ ನಡುವೆ ವಿಡಿಯೊ ಪರಿವರ್ತನೆ

ಒಂದು ಟಿ.ವಿ. ಪ್ರಸಾರ ಮಾನಕದಲ್ಲಿ ಚಿತ್ರೀಕರಿಸಿದ ವಿಡಿಯೊವನ್ನು ಇನ್ನೊಂದು ಮಾನಕಕ್ಕೆ ಹೊಂದಿಸುವ ಕ್ರಿಯೆ. ಅಮೆರಿಕ 1953ರಲ್ಲಿ ಒಪ್ಪಿಕೊಂಡ ಎನ್‌ಟಿಎಸ್‌ಸಿ ಬಣ್ಣದ ಪದ್ಧತಿಯಲ್ಲಿ 525 ಗೆರೆಗಳು, ಸೆಕೆಂಡಿಗೆ 29.97 ಫ್ರೇಮ್‌ಗಳು. ಜರ್ಮನಿಯ ಟೆಲಿಫುಂಕೆನ್ ಸಂಸ್ಥೆಯ ವಾಲ್ಟರ್ ಬ್ರೂಖ್ ರೂಪಿಸಿದ ಪಾಲ್ ಪದ್ಧತಿಯನ್ನು ಒಪ್ಪಿಕೊಂಡ ಬಹುತೇಕ ದೇಶಗಳು ಅದನ್ನು 625 ಗೆರೆ, 25 ಫ್ರೇಮ್‌ಗಳೊಡನೆ ಬಳಸಿದವು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ಭಾರತ ಹಿಡಿದದ್ದೂ ಪಾಲ್ ದಾರಿಯನ್ನೇ. ಹೀಗಾಗಿ ಕರ್ನಾಟಕದಿಂದ ಹೋದ ಮದುವೆಯ ವಿಡಿಯೊ ಕ್ಯಾಸೆಟ್ ಅಮೆರಿಕದ ಸಾಮಾನ್ಯ ವಿಸಿಆರ್‌ನಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ.

ಗೆರೆ ಮತ್ತು ಕಾಲ

ಡಿಜಿಟಲ್ ರೂಪದಲ್ಲಿ ಪಾಲ್ ಚಿತ್ರದ ಅಳತೆ 720×576, ಎನ್‌ಟಿಎಸ್‌ಸಿಯದು 720×480. ಗೆರೆಗಳನ್ನು ಕುಗ್ಗಿಸುವುದು ಸುಲಭ. ಕಷ್ಟವಿರುವುದು ಕಾಲವನ್ನು ಹೊಂದಿಸುವುದರಲ್ಲಿ. ಪಾಲ್ ಕ್ಯಾಮೆರಾದ ಒಂದು ಫ್ರೇಮ್‌ನಲ್ಲಿ ಎರಡು ಫೀಲ್ಡ್‌ಗಳಿರುತ್ತವೆ. ಬೆಸ ಗೆರೆಗಳದು ಒಂದು, ಸರಿ ಗೆರೆಗಳದು ಇನ್ನೊಂದು. ಎರಡರ ನಡುವೆ ಸೆಕೆಂಡಿನ 50ನೇ ಒಂದು ಭಾಗದ ಅಂತರ. ಫ್ರೇಮನ್ನು ಹಾಗೆಯೇ ಕುಗ್ಗಿಸಿದರೆ ಎರಡು ಕ್ಷಣಗಳ ಗೆರೆಗಳು ಬೆರೆತು, ಬೀಸಿದ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತದೆ.

ಕ್ರಮ

ಆದ್ದರಿಂದ ಪಾಲ್ ವಿಡಿಯೊವನ್ನು ಎನ್‌ಟಿಎಸ್‌ಸಿಗೆ ತರಲು ಮೊದಲು ಡಿಇಂಟರ್‌ಲೇಸ್ ಮಾಡಿ, ಅಂದರೆ ಹೆಣೆದ ಫೀಲ್ಡ್‌ಗಳನ್ನು ಬಿಡಿಸಿ, ಸೆಕೆಂಡಿಗೆ 50 ಪೂರ್ಣ ಚಿತ್ರಗಳನ್ನು ಪಡೆಯಬೇಕು. ನಂತರ ಎತ್ತರವನ್ನು 480ಕ್ಕೆ ಇಳಿಸಿ, ವೇಗವನ್ನು 59.94ಕ್ಕೆ ಏರಿಸಿ, ಕೊನೆಗೆ ಮತ್ತೆ ಫೀಲ್ಡ್‌ಗಳಾಗಿ ಹೆಣೆಯಬೇಕು. ಫೀಲ್ಡ್‌ಗಳ ಸರದಿ ಅದಲುಬದಲಾದರೆ ಚಲನೆ ಹಿಂದಕ್ಕೂ ಮುಂದಕ್ಕೂ ತುಯ್ಯುತ್ತದೆ. ಅವಧಿ ಬದಲಾಗದ ಕಾರಣ ಧ್ವನಿಯನ್ನು ಮುಟ್ಟಬೇಕಿಲ್ಲ.

ಫಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ ಉಚಿತ ತಂತ್ರಾಂಶ ಎಫ್‌ಎಫ್‌ಎಂಪೆಗ್‌ನಲ್ಲಿ ಈ ಎಲ್ಲ ಹಂತಗಳಿಗೂ ಫಿಲ್ಟರ್‌ಗಳಿವೆ. ಡಿಇಂಟರ್‌ಲೇಸ್‌ಗೆ 'ಯಾಡಿಫ್' ಇದೆ. ವೇಗ ಬದಲಿಸಲು ಮೂರು ಆಯ್ಕೆಗಳು: 'ಎಫ್‌ಪಿಎಸ್' ಚಿತ್ರಗಳನ್ನು ಪುನರಾವರ್ತಿಸುತ್ತದೆ, ಚಲನೆ ತಡವರಿಸುತ್ತದೆ, 'ಫ್ರೇಮ್‌ರೇಟ್' ಅಕ್ಕಪಕ್ಕದ ಚಿತ್ರಗಳನ್ನು ಬೆರೆಸುತ್ತದೆ, ಅಂಚು ಮಸುಕಾಗುತ್ತದೆ, 'ಎಂ-ಇಂಟರ್‌ಪೋಲೇಟ್' ವಸ್ತುಗಳ ಚಲನೆಯನ್ನು ಅಂದಾಜಿಸಿ ನಡುವಿನ ಚಿತ್ರವನ್ನು ಹೊಸದಾಗಿ ರಚಿಸುತ್ತದೆ. ಮೂರನೆಯದು ನಯವಾದದ್ದು, ಆದರೆ ನಿಧಾನ. ವಸ್ತುಗಳು ಒಂದರ ಹಿಂದೊಂದು ಮರೆಯಾಗುವ ಕಡೆ ಆಕಾರಗಳು ಕದಡುವುದುಂಟು. ವಿಂಡೋಸ್ ಬಳಕೆದಾರರಲ್ಲಿ ಏವಿಸಿಂತ್, ವರ್ಚುವಲ್‌ಡಬ್ ಎಂಬ ತಂತ್ರಾಂಶಗಳು ಬಹುಕಾಲದಿಂದ ಬಳಕೆಯಲ್ಲಿವೆ.

ಸಿನಿಮಾ

ಸಿನಿಮಾದ ಮೂಲ ವೇಗ 24 ಫ್ರೇಮ್. ಪಾಲ್‌ಗಾಗಿ ಅದನ್ನು 25ಕ್ಕೆ ಓಡಿಸುವುದರಿಂದ ಅವಧಿ ಶೇ. 4ರಷ್ಟು ಕಡಿಮೆಯಾಗಿ, ಹಾಡಿನ ಶ್ರುತಿ ತುಸು ಏರುತ್ತದೆ. ಇಂಥದ್ದನ್ನು ಎನ್‌ಟಿಎಸ್‌ಸಿಗೆ ತರುವಾಗ ಹೊಸ ಚಿತ್ರ ರಚಿಸದೆ, ಚಿತ್ರ-ಧ್ವನಿ ಎರಡನ್ನೂ 23.976ಕ್ಕೆ ನಿಧಾನಿಸಿ, ಬಳಿಕ ಫ್ರೇಮ್‌ಗಳನ್ನು ಎರಡು-ಮೂರು ಫೀಲ್ಡ್‌ಗಳ ಸರದಿಯಲ್ಲಿ ಹಂಚುತ್ತಾರೆ.

ಇಂದಿನ ಅಗತ್ಯ

ಕಂಪ್ಯೂಟರ್, ಮೊಬೈಲುಗಳು ಎರಡೂ ವೇಗಗಳ ವಿಡಿಯೊ ತೋರಿಸುವುದರಿಂದ ಮನೆಯ ನೋಟಕ್ಕೆ ಪರಿವರ್ತನೆ ಬೇಕಿಲ್ಲ. ಹಳೆಯ ಡಿವಿಡಿ ಪ್ಲೇಯರ್‌ಗೋ ಬೇರೆ ಮಾನಕದ ವಾಹಿನಿಗೋ ಕೊಡುವಾಗಲಷ್ಟೇ ಅಗತ್ಯ. ಪರಿವರ್ತಿತ ಪ್ರತಿಯಿಂದ ಮೂಲವನ್ನು ಪೂರ್ತಿಯಾಗಿ ಮರಳಿ ಪಡೆಯಲಾಗದು. ಕ್ಯಾಸೆಟ್‌ನಿಂದ ಇಳಿಸಿಕೊಂಡ ಕಡತವನ್ನು ಅದರ ಮೂಲ ಫೀಲ್ಡ್‌ಗಳ ಸಮೇತ ಕಾಪಿಡುವುದೇ ಸರಿಯಾದ ಸಂರಕ್ಷಣೆ.